ಮುಂದಿನ ತಿಂಗಳಿನಿಂದ ಕಸಕ್ಕೆ ತೂಕದ ಲೆಕ್ಕ: ಕಾರವಾರದ ನಮ್ಮ ಗ್ರಾಹಕರಿಗೆ

ಆತ್ಮೀಯರೇ, ನಮಸ್ಕಾರ.

ಬೆಳಿಗ್ಗೆ ನಮ್ಮ ಗಾಡಿಯ ಸದ್ದು ಕೇಳಿದ ಕೂಡಲೇ ಬಕೆಟ್ ಹಿಡಿದು ಗೇಟಿಗೆ ಬರುವ ಮನೆಯವರಿಗೆ, ಹಿಂಬಾಗಿಲಲ್ಲಿ ಡ್ರಮ್ ಇಟ್ಟು ಕಾಯುವ ಹೋಟೆಲ್, ಖಾನಾವಳಿ, ಲಾಡ್ಜಿನವರಿಗೆ ಕಸ ಸಂಗ್ರಹ ಸಹಕಾರ ಸಂಘದ ಈ ಪತ್ರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಮುಂದಿನ ತಿಂಗಳ 1ನೇ ತಾರೀಕಿನಿಂದ ಹೋಟೆಲ್, ಖಾನಾವಳಿ, ಲಾಡ್ಜ್ ಮತ್ತು ಕಲ್ಯಾಣ ಮಂಟಪಗಳಿಗೆ ತಿಂಗಳ ಶುಲ್ಕ ಇರುವುದಿಲ್ಲ. ಕಸ ತೂಗಿ, ತೂಕದ ಮೇಲೆ ಹಣ ತೆಗೆದುಕೊಳ್ಳುತ್ತೇವೆ. ಬೇರೆ ಮಾಡಿಟ್ಟ ಹಸಿ ಕಸಕ್ಕೆ ಕೆಜಿಗೆ 2 ರೂಪಾಯಿ. ಹಸಿ, ಒಣ ಎಲ್ಲ ಕಲಸಿ ಕೊಟ್ಟರೆ ಕೆಜಿಗೆ 6 ರೂಪಾಯಿ. ಚೊಕ್ಕ ಒಣ ಕಸಕ್ಕೆ ಹಣ ಬೇಡ. ಮನೆಗಳ ಶುಲ್ಕ ತಿಂಗಳಿಗೆ 100 ರೂಪಾಯಿಯಿಂದ 80ಕ್ಕೆ ಇಳಿಯುತ್ತದೆ.

"ಮನೆಯವರಿಗೆ ಇಳಿಸಿ ನಮಗೆ ಯಾಕೆ ಏರಿಸಿದಿರಿ" ಎಂದು ಹೋಟೆಲಿನವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಸ್ವಲ್ಪ ಉದ್ದ ಇದೆ. ಅದು ಶುರುವಾಗುವುದು 2020ರಲ್ಲಿ.

ಮಾರ್ಚ್ 24ರ ರಾತ್ರಿ ಕೋವಿಡ್ ಲಾಕ್‌ಡೌನ್ ಘೋಷಣೆ ಆಯಿತು. ಕಸ ಎತ್ತುವುದು ಅಗತ್ಯ ಸೇವೆ, ಹಾಗಾಗಿ ಮರುದಿನವೂ ನಮ್ಮ ಗಾಡಿ ಹೊರಟಿತು. ಟ್ಯಾಗೋರ್ ಕಡಲತೀರದ ಹತ್ತಿರ ದಿನಾ ಬೆಳಿಗ್ಗೆ ಕಾಯುತ್ತಿದ್ದ ಎಳನೀರು ಬುರುಡೆಯ ರಾಶಿ ಎರಡೇ ದಿನದಲ್ಲಿ ಮಾಯವಾಯಿತು. ಹೋಟೆಲಿನ ಡ್ರಮ್ಮುಗಳು ಬೋರಲು ಬಿದ್ದಿದ್ದವು. ಬುರುಡೆ, ಹೋಟೆಲಿನ ಅನ್ನ-ಸಾಂಬಾರು, ತರಕಾರಿ ಸಿಪ್ಪೆ, ಇವೇ ನಮ್ಮ ಗಾಡಿಯಲ್ಲಿ ಎಲ್ಲಕ್ಕಿಂತ ಭಾರದ ಸರಕು. ಅವು ನಿಂತವು, ಗಾಡಿ ಹಗುರವಾಯಿತು. ಊರಿನ ಕಸ ಕಡಿಮೆ ಆಯಿತು ಅಂತಲೇ ನಾವು ತಿಳಿದೆವು.

ಎರಡು ವಾರ ಕಳೆದ ಮೇಲೆ ಲೆಕ್ಕ ತಪ್ಪಿತು. ಕಾಜುಬಾಗ, ಹಬ್ಬುವಾಡ, ಕೋಡಿಬಾಗದ ಮನೆಗಳ ಬಕೆಟ್ ತುಂಬಿ ಚೆಲ್ಲತೊಡಗಿತು. ಗೋವಾದಲ್ಲಿ, ಮುಂಬೈಯಲ್ಲಿ ಕೆಲಸಕ್ಕಿದ್ದ ಮಕ್ಕಳು ಮನೆಗೆ ಬಂದಿದ್ದರು. ಇಬ್ಬರಿದ್ದ ಮನೆಯಲ್ಲಿ ಆರು ಜನ. ಮೂರು ಹೊತ್ತೂ ಮನೆಯಲ್ಲೇ ಅಡುಗೆ. ಮೀನು ಮಾರ್ಕೆಟ್ಟಿನಲ್ಲೇ ಕತ್ತರಿಸಿಕೊಂಡು ಬರುತ್ತಿದ್ದವರು ಈಗ ಬಾಗಿಲಿಗೆ ಬಂದ ಮೀನನ್ನು ಹಿತ್ತಲಲ್ಲಿ ಕುಳಿತು ಕತ್ತರಿಸುತ್ತಿದ್ದರು. ತಲೆ, ಕರುಳು, ಬಳಚು ಎಂಬ ಚಿಪ್ಪುಮೀನಿನ ಚಿಪ್ಪು ಎಲ್ಲ ಮನೆಯ ಬಕೆಟ್ಟಿಗೇ ಬಂತು. ಚಿಪ್ಪು ಗೊಬ್ಬರದ ಗುಂಡಿಯಲ್ಲಿ ಕರಗುವುದಿಲ್ಲ. ಕಸ ಆರಿಸುವ ನಮ್ಮ ಅಕ್ಕಂದಿರು ಅದನ್ನು ಒಂದೊಂದಾಗಿ ಕೈಯಿಂದಲೇ ಆರಿಸಿ ತೆಗೆದರು. ಗ್ಲೌಸ್ ಹರಿದು ಬೆರಳು ಕೊಯ್ದುಕೊಂಡದ್ದೂ ಇದೆ. ಜೊತೆಗೆ ಕೈಯಲ್ಲಿ ಬಿಡುವಿತ್ತು, ಜನ ಅಟ್ಟ, ಕಪಾಟು ಎಲ್ಲ ಸ್ವಚ್ಛ ಮಾಡಿದರು. ಹಳೇ ಚಪ್ಪಲಿ, ಹಾಸಿಗೆ, ಒಡೆದ ಬಕೆಟ್ ಬಂತು. ಗುಜರಿಯವರು ಬರುತ್ತಿರಲಿಲ್ಲವಲ್ಲ, ಅವರಿಗೆ ಹೋಗಬೇಕಾದ ರಟ್ಟು, ಪೇಪರ್, ಬಾಟಲಿ ಸಹ ನಮ್ಮ ಗಾಡಿಯನ್ನೇ ಹತ್ತಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಒಂದು ಡ್ರಮ್ ಹೋಟೆಲ್ ಕಸವನ್ನು ಇಬ್ಬರು ಎತ್ತಬೇಕು. ಅಷ್ಟೇ ದೊಡ್ಡ ಚೀಲದ ತುಂಬ ಪಾರ್ಸೆಲ್ ಡಬ್ಬಿ, ಹಾಲಿನ ಪ್ಯಾಕೆಟ್, ಥರ್ಮಾಕೋಲ್ ಇದ್ದರೆ ಒಬ್ಬರೇ ಒಂದೇ ಕೈಯಲ್ಲಿ ಎತ್ತಬಹುದು. ಆದರೆ ಗಾಡಿಯಲ್ಲಿ ಎರಡಕ್ಕೂ ಬೇಕಾದ ಜಾಗ ಒಂದೇ. ತೂಕ ಅರ್ಧ ಆದರೂ ಗಾಡಿಯ ಟ್ರಿಪ್ ಅರ್ಧ ಆಗಲಿಲ್ಲ. ಡೀಸೆಲ್ ಅಷ್ಟೇ ಹೋಯಿತು. ಊರೂರಿನ ಕಸದ ಲೆಕ್ಕವನ್ನು ಟನ್ನಿನಲ್ಲೇ ಬರೆಯುತ್ತಾರೆ. ಹಾಗಾಗಿ "ಕಸ ಇಳಿಯಿತು" ಎಂಬ ಸುದ್ದಿ ಓದಿದಾಗ ಗಾಡಿಯ ಮೇಲೆ ನಿಂತ ನಮಗೆ ಅದು ಪೂರ್ತಿ ಸರಿ ಅನ್ನಿಸುತ್ತಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆವು, ಇದು ಕಾರವಾರದ ಕಥೆ ಮಾತ್ರ ಅಲ್ಲ. ಚೀನಾದ ವುಹಾನ್‌ನಲ್ಲಿ ಆಸ್ಪತ್ರೆಯ ಕಸ ಮೊದಲು ದಿನಕ್ಕೆ 40-50 ಟನ್ ಇತ್ತು. ರೋಗ ಜೋರಾದಾಗ ಸುಮಾರು 240 ಟನ್ನಿಗೆ ಮುಟ್ಟಿತು. ಅದೇ ಹೊತ್ತಿಗೆ ಆ ದೇಶದ ದೊಡ್ಡ, ಮಧ್ಯಮ ನಗರಗಳ ದಿನದ ಕಸ ಶೇ 30ರಷ್ಟು ಇಳಿದಿತ್ತು. ಸಿಂಗಾಪುರದಲ್ಲಿ 2019ರಲ್ಲಿ 72.3 ಲಕ್ಷ ಟನ್ ಇದ್ದ ಒಟ್ಟು ಕಸ 2020ರಲ್ಲಿ 58.8 ಲಕ್ಷ ಟನ್ ಆಯಿತು. ಅದರಲ್ಲಿ ಕಟ್ಟಡ ಕೆಲಸದ ಕಸವೂ ಸೇರಿದೆ, ಕೆಲಸ ನಿಂತಾಗ ಅದೂ ನಿಂತಿತು. ಅಮೆರಿಕದ ಊರುಗಳಲ್ಲಿ ಅಂಗಡಿ, ಕಚೇರಿಗಳ ಕಸ ಇಳಿಯಿತು, ಮನೆಗಳ ಕಸ ಏರಿತು. ನಮಗೆ ತೀರಾ ಹತ್ತಿರ ಅನ್ನಿಸಿದ್ದು ಬ್ಯಾಂಕಾಕ್. ಅದೂ ನಮ್ಮ ಹಾಗೆ ಪ್ರವಾಸಿಗರನ್ನು ನಂಬಿದ ಊರು. ಪ್ರವಾಸಿಗರು ನಿಂತು ಒಟ್ಟು ಕಸ ಇಳಿದರೂ, 2020ರ ಏಪ್ರಿಲ್‌ನಲ್ಲಿ ಪ್ಲಾಸ್ಟಿಕ್ ಕಸ ಮೊದಲಿಗಿಂತ ಶೇ 50ಕ್ಕೂ ಜಾಸ್ತಿ ಏರಿತು. ಎಲ್ಲ ಊಟವೂ ಪಾರ್ಸೆಲ್ ಆಗಿತ್ತು.

ಪಾರ್ಸೆಲ್ ವಿಷಯ ನಮ್ಮಲ್ಲೂ ಹಾಗೇ. ವೈರಸ್ ಪ್ಲಾಸ್ಟಿಕ್, ಸ್ಟೀಲ್ ಮೇಲೆ ಎರಡು-ಮೂರು ದಿನದವರೆಗೂ ಉಳಿಯಬಹುದು ಎಂದು ಆಗ ಸುದ್ದಿ ಬಂದಿತ್ತು. ಸ್ಟೀಲ್ ಲೋಟ ಮುಟ್ಟಲು ಜನ ಹೆದರಿದರು. ಹೋಟೆಲ್ ತೆರೆದ ಮೇಲೂ ಚಹಾಕ್ಕೆ ಕಾಗದದ ಕಪ್, ಸಾಂಬಾರಿಗೆ ಪ್ಲಾಸ್ಟಿಕ್ ಡಬ್ಬಿ. ರೋಗ ಹರಡುವುದು ಮುಖ್ಯವಾಗಿ ಉಸಿರಿನಿಂದ, ವಸ್ತು ಮುಟ್ಟಿ ಹರಡುವುದು ತೀರಾ ಕಡಿಮೆ ಎಂದು ಮುಂದೆ ಗೊತ್ತಾಯಿತು. ಹೆದರಿಕೆ ಹೋಯಿತು, ಡಬ್ಬಿ ಮಾತ್ರ ಉಳಿಯಿತು. ಆ ವರ್ಷ ಕಚ್ಚಾ ತೈಲದ ಬೆಲೆಯೂ ನೆಲಕಚ್ಚಿತ್ತು. ಎಣ್ಣೆ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗ, ಆಗ ಹಳೆಯದನ್ನು ಕರಗಿಸಿ ಮಾಡಿದ್ದನ್ನು ಯಾರು ಕೊಳ್ಳುತ್ತಾರೆ? ನಾವು ಆರಿಸಿ, ಬೇಲ್ ಕಟ್ಟಿ ಇಟ್ಟ ಪ್ಲಾಸ್ಟಿಕ್ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ಕೂತಿತ್ತು. ಮಳೆಗಾಲ ಬಂದಾಗ ಅದರ ಮೇಲೆ ತಾಡಪತ್ರಿ ಹೊದೆಸಿ, ಪಕ್ಕದಲ್ಲಿ ನಿಂತು ಊಟ ಮಾಡಿದ ದಿನಗಳು ನಮಗೆ ಮರೆತಿಲ್ಲ.

ಮಾಸ್ಕಿನದು ಇನ್ನೊಂದು ಕಥೆ. ಮನೆಯಲ್ಲಿ ಬಳಸಿದ ಮಾಸ್ಕ್, ಗ್ಲೌಸ್‌ಗಳನ್ನು ಕಾಗದದ ಚೀಲದಲ್ಲಿ 72 ಗಂಟೆ ಇಟ್ಟು, ಕತ್ತರಿಸಿ ಒಣ ಕಸಕ್ಕೆ ಹಾಕಿ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ರೋಗಿ ಇದ್ದ ಮನೆಯ ಇಂಥ ಕಸಕ್ಕೆ ಹಳದಿ ಚೀಲ. ಎಲ್ಲರೂ ಪಾಲಿಸಲಿಲ್ಲ. ಹಸಿ ಕಸದ ನಡುವೆ ಒದ್ದೆ ಮಾಸ್ಕ್ ಸಿಕ್ಕಿದಾಗ ಅಕ್ಕಂದಿರು ಕೈ ಹಿಂದೆ ತೆಗೆದು ಸುಮ್ನೆ ನಿಂತುಬಿಡುತ್ತಿದ್ದರು. ಮನೆಯಲ್ಲಿ ಅವರಿಗೂ ಮಕ್ಕಳಿದ್ದರು. 2021ರ ಮೇ ತಿಂಗಳಲ್ಲಿ ದೇಶದಲ್ಲಿ ಕೋವಿಡ್ ಕಸವೇ ದಿನಕ್ಕೆ ಸುಮಾರು 200 ಟನ್ ಬರುತ್ತಿತ್ತು. ಅದು ಲೆಕ್ಕಕ್ಕೆ ಸಿಕ್ಕಿದ್ದು. ಮನೆಯ ಬಕೆಟ್ಟಿನಲ್ಲಿ ಕಲಸಿಹೋದದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಆದರೆ ಒಂದು ಮನೆಯನ್ನು ಇಲ್ಲಿ ನೆನೆಯಲೇಬೇಕು. ಮನೆಯವರೆಲ್ಲ ಕ್ವಾರಂಟೈನ್‌ನಲ್ಲಿದ್ದರು. ಗಾಡಿ ನಿಂತ ಸದ್ದಿಗೆ ಆ ಮನೆಯ ಅಮ್ಮ ಕಿಟಕಿಯಿಂದ ಕೂಗಿದರು, "ಅಕ್ಕಾ, ಇವತ್ತು ಹತ್ತಿರ ಬರಬೇಡಿ. ಬೇರೆ ಚೀಲ ತುಂಬಿ ಇಟ್ಟಿದ್ದೇನೆ, ಮೂರು ದಿನ ಆಗಲಿ." ಗೇಟಿನ ಒಳಗೆ ತುಳಸಿಕಟ್ಟೆಯ ಪಕ್ಕ ಒಂದು ಹಳದಿ ಚೀಲ, ಬಾಯಿ ಎರಡು ಸಲ ಗಂಟು ಹಾಕಿದ್ದು. ಅದರ ಮೇಲೆ ಕ್ಯಾಲೆಂಡರಿನ ಹರಿದ ಹಾಳೆ ಅಂಟಿಸಿ, "ಕಟ್ಟಿದ ತಾರೀಕು" ಅಂತ ಮಕ್ಕಳ ಅಕ್ಷರದಲ್ಲಿ ಬರೆದಿತ್ತು. ಜ್ವರದ ನಡುವೆಯೂ ಅವರು ನಮ್ಮವರ ಬಗ್ಗೆ ಯೋಚಿಸಿದ್ದರು. ಆ ದಿನ ಗಾಡಿಯಲ್ಲಿದ್ದ ಅಕ್ಕ ಇವತ್ತಿಗೂ ಆ ಗೇಟಿನ ಮುಂದೆ ಒಂದು ನಿಮಿಷ ನಿಂತು ಮಾತಾಡಿಸಿಯೇ ಹೋಗುತ್ತಾರೆ.

ಇನ್ನು ದರದ ವಿಷಯ. 2020ರಲ್ಲಿ ಹೋಟೆಲ್, ಲಾಡ್ಜ್‌ಗಳ ಬಾಗಿಲು ಮುಚ್ಚಿತ್ತು. ವ್ಯಾಪಾರವೇ ಇಲ್ಲದವರ ಹತ್ತಿರ ಪೂರ್ತಿ ಶುಲ್ಕ ಕೇಳಲು ನಮಗೆ ಮನಸ್ಸು ಬರಲಿಲ್ಲ. ಅರ್ಧ ಮಾಡಿದೆವು. ಗಾಡಿ ನಡೆಯಬೇಕಿತ್ತು, ಅಕ್ಕಂದಿರ ಸಂಬಳ ನಿಲ್ಲಿಸುವ ಹಾಗಿರಲಿಲ್ಲ. ಮನೆಗಳ ಶುಲ್ಕ ಸ್ವಲ್ಪ ಏರಿಸಿದೆವು. ಆಗ ಅದು ನ್ಯಾಯವೇ ಆಗಿತ್ತು, ಕಸವೂ ಮನೆಗಳ ಕಡೆಗೇ ಹೋಗಿತ್ತಲ್ಲ. ಆದರೆ ಆ ದರವನ್ನು ತಿದ್ದದೆ ಹಾಗೇ ಮುಂದುವರಿಸಿದ್ದು ನಮ್ಮ ತಪ್ಪು. ಒಪ್ಪಿಕೊಳ್ಳುತ್ತೇವೆ. ಪ್ರವಾಸಿಗರು ಮತ್ತೆ ಬಂದರು. ಶನಿವಾರ, ಭಾನುವಾರ ಲಾಡ್ಜುಗಳಲ್ಲಿ ಕೋಣೆ ಸಿಗುವುದಿಲ್ಲ. ಬುರುಡೆಯ ರಾಶಿ ಮೊದಲಿಗಿಂತ ದೊಡ್ಡದಾಯಿತು, ಅದರ ಮೇಲೆ ಪಾರ್ಸೆಲ್ ಡಬ್ಬಿ ಬೇರೆ. ಗೋವಾ, ಮುಂಬೈಗೆ ಹೋಗಬೇಕಾದವರು ಹೋದರು, ಮನೆಗಳ ಬಕೆಟ್ ಮತ್ತೆ ಚಿಕ್ಕದಾಯಿತು. ಅಂದರೆ ಇಬ್ಬರೇ ಇರುವ ವಯಸ್ಸಾದ ದಂಪತಿ ಕೊಡುವ ಹಣದಲ್ಲಿ ದೊಡ್ಡ ಅಡುಗೆಮನೆಯ ಕಸ ಎತ್ತುತ್ತಿದ್ದೇವೆ. ಇದು ಸರಿಯಲ್ಲ.

ಒಂದೇ ದರ ಇಟ್ಟರೆ ಕಸ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಪುಸ್ತಕದಲ್ಲಿ ಕಾಣುವುದಿಲ್ಲ. ಅದಕ್ಕೇ ತಕ್ಕಡಿ. ಹೋಟೆಲಿನವರಿಗೂ ಇದರಿಂದ ಒಂದು ಅನುಕೂಲ ಇದೆ. ಬಾಗಿಲು ಮುಚ್ಚಿದ ದಿನ ಬಿಲ್ ಸೊನ್ನೆ. ಮಳೆಗಾಲದಲ್ಲಿ ಗಿರಾಕಿ ಕಡಿಮೆಯಾದರೆ ಬಿಲ್ಲೂ ಕಡಿಮೆ. ಮುಂದೆ ಎಂದಾದರೂ ಅಂಥ ಕಷ್ಟದ ದಿನ ಬಂದರೆ ರಿಯಾಯಿತಿಗಾಗಿ ಯಾರೂ ನಮ್ಮ ಹತ್ತಿರ ಬಂದು ಕೇಳಬೇಕಾಗಿಲ್ಲ. ಕಸ ಮನೆಗಳ ಕಡೆ ಏರಿದ್ದು ಒಂದೇ ವಾರದಲ್ಲಿ ನಮಗೂ ಗೊತ್ತಾಗುತ್ತದೆ. ಆಗ ಹೋಟೆಲ್ ದಾರಿಯ ಗಾಡಿಯನ್ನು ಮನೆಗಳ ದಾರಿಗೆ ತಿರುಗಿಸುತ್ತೇವೆ. ಮನೆಗಳ ಶುಲ್ಕ ಏರಿಸುವುದಿಲ್ಲ.

ತೂಕ ನಿಮ್ಮ ಎದುರೇ ಆಗುತ್ತದೆ. ಗಾಡಿಯ ಹಿಂಭಾಗದಲ್ಲಿ ತೂಕದ ಮಷೀನು ಇಡುತ್ತೇವೆ, ಅಂಕಿ ನಿಮಗೆ ಕಾಣುವ ಹಾಗೆ. ಖಾಲಿ ಡ್ರಮ್ಮಿನ ತೂಕ ಮೊದಲೇ ಬರೆದಿಟ್ಟು ಕಳೆಯುತ್ತೇವೆ. ಚೀಟಿಗೆ ನಿಮ್ಮ ಕಡೆಯವರ ಸಹಿ ಬೇಕು. ಡ್ರಮ್ಮಿಗೆ ಮುಚ್ಚಳ ಹಾಕಿಡಿ. ನಮ್ಮ ಊರಿನ ಮಳೆ ಗೊತ್ತಲ್ಲ, ತೆರೆದಿಟ್ಟರೆ ಕಸದ ಜೊತೆ ಮಳೆ ನೀರನ್ನೂ ತೂಗಬೇಕಾಗುತ್ತದೆ. ಆ ಹಣ ನಮಗೆ ಬೇಡ. ಅನ್ನದ ಗಂಜಿ, ಸಾಂಬಾರಿನ ನೀರನ್ನು ಜರಡಿಯಲ್ಲಿ ಬಸಿದು ಹಾಕಿದರೆ ತೂಕ ಚೆನ್ನಾಗಿ ಇಳಿಯುತ್ತದೆ, ಗೊಬ್ಬರವೂ ಬೇಗ ಆಗುತ್ತದೆ. ಎಳನೀರು ಬುರುಡೆಯನ್ನು ಬೇರೆ ಚೀಲದಲ್ಲಿ ಕೊಡಿ. ಬಳಚಿನ ಚಿಪ್ಪನ್ನು ದಯವಿಟ್ಟು ಹಸಿ ಕಸಕ್ಕೆ ಹಾಕಬೇಡಿ, ಅದಕ್ಕೆ ಗಾಡಿಯಲ್ಲಿ ಪ್ರತ್ಯೇಕ ಬುಟ್ಟಿ ಇರುತ್ತದೆ.

ಮನೆಯವರಿಗೆ ಒಂದೇ ಕೋರಿಕೆ. ಮಾಸ್ಕ್, ಡೈಪರ್, ಪ್ಯಾಡ್, ಬ್ಯಾಂಡೇಜ್ ಇಂಥವನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ಕೊಡಿ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದ್ದರೆ ತಾರೀಕನ್ನೂ ಬರೆಯಿರಿ.

ಹೊಸ ದರ ಶುರುವಾಗುವ ಮೊದಲು ಎರಡು ವಾರ ಸುಮ್ನೆ ತೂಗಿ ನೋಡುತ್ತೇವೆ, ಹಣ ಹಳೆಯ ದರದಲ್ಲೇ. ಎರಡು ವಾರದ ಕೊನೆಗೆ ಪ್ರತಿ ಹೋಟೆಲಿಗೂ ಅವರ ಲೆಕ್ಕದ ಚೀಟಿ ಕೊಡುತ್ತೇವೆ, ಹೊಸ ದರದಲ್ಲಿ ಎಷ್ಟು ಬರುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಹೆಚ್ಚಾಯಿತು ಅನ್ನಿಸಿದರೆ ಗಾಡಿಯಲ್ಲಿ ಬರುವ ಅಕ್ಕನ ಹತ್ತಿರ ಒಂದು ಮಾತು ಹೇಳಿ. ನಮ್ಮಲ್ಲೊಬ್ಬರು ಬಂದು ನಿಮ್ಮ ಅಡುಗೆಮನೆಯಲ್ಲೇ ಕುಳಿತು ಎಲ್ಲಿ ಕಡಿಮೆ ಮಾಡಬಹುದು ಎಂದು ನೋಡುತ್ತಾರೆ. ಮುಂಗಡ ಹಣ ಕಟ್ಟಿದ ಮನೆಯವರಿಗೆ ಉಳಿದ 20 ರೂಪಾಯಿಯನ್ನು ಮುಂದಿನ ತಿಂಗಳುಗಳಿಗೆ ಹಿಡಿದುಕೊಳ್ಳುತ್ತೇವೆ.

ನಿಮ್ಮ ವಿಶ್ವಾಸಿಗಳು,
ಕಸ ಸಂಗ್ರಹ ಸಹಕಾರ ಸಂಘದ ಸದಸ್ಯೆಯರು, ಕಾರವಾರ