ಮೇಪಲ್ ಊರಿನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"ಮಾರ್ಚ್ ಬಂದರೂ ಅಲ್ಲಿ ಇನ್ನೂ ಹಿಮವೇನೋ?" ಅಂತ ಕೇಳಿದ್ದೀಯಲ್ಲ. ಹೌದು ಮಾರಾಯ, ಅಂಗಳದಲ್ಲಿ ಇನ್ನೂ ಮೊಣಕಾಲುದ್ದ ಬಿದ್ದಿದೆ. ಆದರೆ ಬೆಳಗಿನಿಂದ ಸೂರಿನ ಹನಿ ತೊಟ್ಟಿಕ್ಕುವ ಸದ್ದು ನಿಂತಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಈ ಹಳ್ಳಿಯಲ್ಲಿ ವಸಂತ ಮೊದಲು ಕಿವಿಗೇ ಬೀಳುವುದು.

ರಾತ್ರಿ ಮೈನಸ್ 5 ಡಿಗ್ರಿ, ಮಧ್ಯಾಹ್ನ 5 ಡಿಗ್ರಿ. ಬಂದ ಮೊದಲ ವರ್ಷ ಈ ಹೊಯ್ದಾಟ ನೋಡಿ ನನಗೆ ಸಾಕಾಗಿಹೋಗಿತ್ತು. ಚಳಿಯಾದರೂ ಇರಲಿ, ಬಿಸಿಲಾದರೂ ಇರಲಿ ಅನ್ನಿಸುತ್ತಿತ್ತು. ಆಮೇಲೆ ಪಕ್ಕದ ಮನೆಯ ಅಜ್ಜ ಕರೆದುಕೊಂಡು ಹೋಗಿ ತೋರಿಸಿದರು. ಇಲ್ಲಿ ಮೇಪಲ್ ಮರದ ರಸ ಇಳಿಸಿ, ಕಾಯಿಸಿ ಸಿರಪ್ ಅನ್ನುವ ಸಿಹಿ ಪಾಕ ಮಾಡುತ್ತಾರೆ. ಆ ಮರಕ್ಕೆ ಬೇಕಾದ್ದೇ ಈ ಹವೆ. ರಾತ್ರಿ ಹೆಪ್ಪುಗಟ್ಟುವಾಗ ಮರ ಬೇರಿನಿಂದ ನೀರು ಎಳೆದುಕೊಳ್ಳುತ್ತದೆ. ಹಗಲು ಕರಗಿದಾಗ ಒಳಗೆ ಒತ್ತಡ ಏರಿ, ಕೊರೆದ ತೂತಿನಿಂದ ರಸ ಹನಿಯುತ್ತದೆ. ನಾಲ್ಕು ರಾತ್ರಿ ಬೆಚ್ಚಗಾಯಿತೋ, ಹರಿವು ಸೊರಗಿತು.

ತೂತು ದೊಡ್ಡದೇನಲ್ಲ. ಕಿರುಬೆರಳಿಗಿಂತ ಸಣ್ಣದು, ಒಂದೂವರೆ ಇಂಚು ಆಳ. ಕಳೆದ ವರ್ಷ ಕೊರೆದ ಜಾಗವನ್ನು ಮತ್ತೆ ಮುಟ್ಟುವುದಿಲ್ಲ. ಸಸಿ ನೆಟ್ಟರೆ ತೂತು ಕೊರೆಯುವಷ್ಟು ದಪ್ಪವಾಗಲು ಸುಮಾರು 40 ವರ್ಷ ಬೇಕು. ಅಂದರೆ ನೆಟ್ಟವನ ಮಕ್ಕಳು ಕಾಯಿಸಬೇಕು! ಈಗ ಹೆಚ್ಚಿನವರು ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಎಳೆದಿದ್ದಾರೆ. ಅಜ್ಜ ಮಾತ್ರ ರಸ್ತೆ ಬದಿಯ ಮರಗಳಿಗೆ ಇನ್ನೂ ತಗಡಿನ ಬಕೆಟ್ ತೂಗುಹಾಕುತ್ತಾರೆ.

ರಸ ಕುಡಿದರೆ ನೀರೇ. ನಮ್ಮ ಕಬ್ಬಿನ ಹಾಲಿನ ಸಿಹಿ ಇದಕ್ಕೆಲ್ಲಿ ಬರಬೇಕು? ಸಕ್ಕರೆ ಇರುವುದೇ ಶೇಕಡಾ 2ರಷ್ಟು. ಅದಕ್ಕೇ 40 ಲೀಟರ್ ಕಾಯಿಸಿದರೆ ಸಿಗುವುದು ಒಂದು ಲೀಟರ್ ಸಿರಪ್.

ಆ ಕಾಯಿಸುವ ಮನೆ ಇದೆಯಲ್ಲ, ಅದನ್ನು ನಿನಗೆ ತೋರಿಸಬೇಕು. ಮರದ ಹಲಗೆಯ ಗುಡಿಸಲು. ಆವಿ ಹೋಗಲು ಮಾಡಿನ ನೆತ್ತಿಯಲ್ಲಿ ತೆರೆಯುವ ಬಾಗಿಲು. ಒಳಗೆ ಉದ್ದನೆಯ ಒಲೆ, ಮೇಲೆ ಅಗಲವಾದ ತಟ್ಟೆಗಳು. ರಸ ಒಂದೇ ಸಮ ಹರಿಯುವ ದಿನ ಅಜ್ಜ ಮಧ್ಯರಾತ್ರಿಯಾದರೂ ಮಲಗುವುದಿಲ್ಲ, ಇಟ್ಟರೆ ರಸ ಕೆಡುತ್ತದೆ. ಮೊದಲ ಸಲ ಒಳಗೆ ಕಾಲಿಟ್ಟಾಗ ಕನ್ನಡಕದ ಮೇಲೆ ಆವಿ ಕವಿದು ಏನೂ ಕಾಣಲಿಲ್ಲ. ಕಟ್ಟಿಗೆಯ ಹೊಗೆ, ಕುದಿಯುವ ಸಿಹಿ. ನಿಂತಲ್ಲೇ ಕಣ್ಣು ತುಂಬಿತು ಕಣೋ. ಶಿರಸಿಯ ಹತ್ತಿರದ ನಿಮ್ಮ ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ನಿಂತ ಹಾಗೇ ಇತ್ತು.

ನೊರೆ ಉಕ್ಕಿದರೆ ಅಜ್ಜ ಚೂರು ಬೆಣ್ಣೆ ಹಾಕುತ್ತಾರೆ, ತಕ್ಷಣ ಇಳಿಯುತ್ತದೆ. ನಿಮ್ಮಪ್ಪ ಎಣ್ಣೆ ಬಿಡುತ್ತಿದ್ದರಲ್ಲ, ಹಾಗೆ. ನೀರು ಕುದಿಯುವುದಕ್ಕಿಂತ 4 ಡಿಗ್ರಿ ಜಾಸ್ತಿ ಬಿಸಿಯಾದಾಗ ಪಾಕ ಬಂತೆಂದು ಲೆಕ್ಕ. ಅಜ್ಜನಿಗೆ ಥರ್ಮಾಮೀಟರ್ ಸುಮ್ನೆ ಜೊತೆಗೆ. ಸೌಟಿನ ಅಂಚಿನಿಂದ ಸಿರಪ್ ಹನಿಹನಿಯಾಗಿ ಬೀಳದೆ ಹಾಳೆಯ ಹಾಗೆ ಜೋತುಬಿದ್ದರೆ ಒಲೆಯಿಂದ ತೆಗೆಯುವ ಹೊತ್ತು. ರುಚಿ? ನಮ್ಮ ಜೋನಿ ಬೆಲ್ಲಕ್ಕೆ ಒಂಚೂರು ಹೊಗೆ, ಒಂಚೂರು ಮರದ ಕಂಪು ಸೇರಿಸಿದ ಹಾಗೆ. ಹೋದ ವಾರ ತೊಡೆದೇವಿನ ಮೇಲೆ ಸುರಿದು ತಿಂದೆ. ಆಯಿಗೆ ಹೇಳು, ನಗುತ್ತಾರೆ.

ಇನ್ನೊಂದಿದೆ. ಕುದಿಯುವ ಸಿರಪ್ಪನ್ನು ಹಿಮದ ಮೇಲೆ ಸುರಿದರೆ ಅಂಟಂಟಾದ ಮಿಠಾಯಿ. ಅದರ ಜೊತೆ ಏನು ಕೊಡುತ್ತಾರೆ ಗೊತ್ತಾ? ಹುಳಿ ಸೌತೆಕಾಯಿ ಉಪ್ಪಿನಕಾಯಿ. ಕಬ್ಬಿನ ಹಾಲಿನ ಜೊತೆ ನಾವು ಖಾರ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆವಲ್ಲ! ಸಿಹಿ ಮುಖ ಹೊಡೆಯಬಾರದಲ್ವಾ.

ಕೆಸರಿನ ಬಗ್ಗೆ ಹೇಳದೆ ಈ ಕಾಲದ ಕತೆ ಮುಗಿಯದು. ಈ ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆ ಡಾಂಬರು ಕಾಣದವು. ಮೇಲಿನ ಮಣ್ಣು ಕರಗುತ್ತದೆ, ಕೆಳಗೆ ಇನ್ನೂ ಹೆಪ್ಪುಗಟ್ಟಿರುತ್ತದೆ, ನೀರು ಇಳಿಯುವುದೆಲ್ಲಿಗೆ? ಮೊನ್ನೆ ನನ್ನ ಕಾರು ಅಚ್ಚಿನವರೆಗೂ ಹೂತಿತು. ಅಜ್ಜನ ಟ್ರ್ಯಾಕ್ಟರೇ ಎಳೆದದ್ದು. ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರ ಸಭೆ ಇರುತ್ತದೆ. ನಮ್ಮ ಗ್ರಾಮಸಭೆಯ ಹಾಗೆ ಎಲ್ಲರೂ ಕೂತು ರಸ್ತೆ ಖರ್ಚಿಗೆ ಮತ ಹಾಕುತ್ತಾರೆ. ಮೊದಲೆಲ್ಲ ಆ ಸಭೆಯ ಹೊತ್ತಿಗೆ ಮರ ಕೊರೆಯುತ್ತಿದ್ದರಂತೆ. ಈ ವರ್ಷ ಅಜ್ಜ ಫೆಬ್ರವರಿ ನಡುವಿಗೇ ಕೊರೆದರು. ಚಳಿಗಾಲ ಮೊದಲಿನಂತಿಲ್ಲ. ಏಪ್ರಿಲ್‌ನಲ್ಲಿ ಮೊಗ್ಗು ಉಬ್ಬಿದರೆ ರಸದ ರುಚಿ ಕೆಡುತ್ತದೆ, ಅಲ್ಲಿಗೆ ಮುಗಿಯಿತು. ಕೆರೆಯಂಚಿನಲ್ಲಿ ಪುಟ್ಟ ಕಪ್ಪೆಗಳು ಕೂಗತೊಡಗಿದರೆ ಅಜ್ಜ ತಟ್ಟೆ ತೊಳೆಯುತ್ತಾರೆ.

ನಿನ್ನ ಪತ್ರದ ಕೊನೆಯ ಸಾಲು ಓದಿದಾಗಿನಿಂದ ಮನಸ್ಸು ಸರಿಯಿಲ್ಲ. ಕೂಲಿಯವರು ಸಿಗುವುದಿಲ್ಲ, ಮುಂದಿನ ವರ್ಷ ಆಲೆಮನೆ ಹಾಕುವುದಿಲ್ಲ ಅಂದಿದ್ದೀಯ. ಕಷ್ಟ ಗೊತ್ತು. ಆದರೂ ಕೇಳುತ್ತಿದ್ದೇನೆ. ಹತ್ತು ಗುಂಟೆಯಾದರೂ ಸಾಕು, ಈ ಸಲ ಕಬ್ಬು ನೆಡು. ಫೆಬ್ರವರಿಗೆ ಮೂರು ವಾರ ರಜೆ ಹಾಕಿ ಬರುತ್ತೇನೆ. ಒಲೆಗೆ ಕಟ್ಟಿಗೆ ಒಟ್ಟುವುದು ನನ್ನ ಕೆಲಸ, ರಾತ್ರಿ ಪಾಳಿಯೂ ನನ್ನದೇ. ಅಜ್ಜ ಕೊಟ್ಟ ಒಂದು ಬಾಟಲಿ ಸಿರಪ್ ನಿನಗಾಗಿ ಎತ್ತಿಟ್ಟಿದ್ದೇನೆ. ತರುತ್ತೇನೆ.

ಇಂತಿ ನಿನ್ನ ಗೆಳೆಯ