ಸಿಕ್ಕಿಬಿದ್ದ ಫಿಲ್ಟರಿಗೆ ಇಕ್ಕಳ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಫಿಲ್ಮ್ ಕ್ಯಾಮೆರಾಗಳನ್ನು ಹುಡುಗರು ಈಗ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಾರೆ. ಬಹಳ ಸಂತೋಷ. ಆದರೆ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಗಾಜಿನ ಫಿಲ್ಟರ್ ಬಿಚ್ಚಲು ಬಾರದಾಗ ಇಕ್ಕಳ ಹಾಕಿ ಲೆನ್ಸಿನ ಬಾಯಿಯನ್ನೇ ಸೊಟ್ಟ ಮಾಡಿಕೊಂಡರೆ ಅದನ್ನು ಸರಿಪಡಿಸುವುದು ಕಷ್ಟ.

ಫಿಲ್ಟರಿನ ರಿಂಗೂ ಲೆನ್ಸಿನ ಅಂಚೂ ಹೆಚ್ಚಾಗಿ ಅಲ್ಯೂಮಿನಿಯಂ. ಎರಡನ್ನೂ ಜೋಡಿಸುವ ತಿರುಪಿನ ಥ್ರೆಡ್ ಬಹಳ ಸಣ್ಣದು, ಒಂದು ಸುತ್ತಿಗೆ ಸಾಮಾನ್ಯವಾಗಿ 0.75 ಮಿ.ಮೀ. ಕಾರವಾರ, ಗೋಕರ್ಣದ ಕಡಲಗಾಳಿಯ ಉಪ್ಪು ಅದರೊಳಗೆ ಕೂತು ಮಳೆಗಾಲದ ತೇವ ಹೀರಿತೆಂದರೆ ಬಿಳಿ ಪುಡಿ ಕಟ್ಟಿ ಎರಡೂ ಕಚ್ಚಿಕೊಳ್ಳುತ್ತವೆ. ಆಗ ಎರಡು ಬೆರಳಲ್ಲಿ ಬಲವಾಗಿ ಹಿಂಡಿದರೆ ತೆಳ್ಳಗಿನ ರಿಂಗು ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನಷ್ಟು ಬಿಗಿಯುತ್ತದೆ. ಇಕ್ಕಳ ಮಾಡುವುದೂ ಇದನ್ನೇ, ಹತ್ತು ಪಟ್ಟು ಜೋರಾಗಿ.

ಬೇಕಾದದ್ದು ಸುತ್ತಲೂ ಸಮನಾದ ಹಿಡಿತ. ಹಳೆ ಹವಾಯಿ ಚಪ್ಪಲಿಯ ಅಟ್ಟೆಯನ್ನು ತೊಳೆದು ಒಣಗಿಸಿ ಮೇಜಿನ ಮೇಲಿಡಿ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಫಿಲ್ಟರಿನ ಅಂಚು ಪೂರ್ತಿ ರಬ್ಬರಿಗೆ ತಾಗುವಂತೆ ಬೋರಲು ಹಾಕಿ. ಹದವಾಗಿ ನೇರ ಕೆಳಗೆ ಒತ್ತುತ್ತ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಲೆನ್ಸನ್ನು ತಿರುಗಿಸಿ. ಹಿಡಿಯಬೇಕಾದದ್ದು ಫಿಲ್ಟರಿಗೆ ತಾಗಿಕೊಂಡಿರುವ ಭಾಗವನ್ನು. ಫೋಕಸ್ ರಿಂಗ್ ಹಿಡಿದರೆ ಅದು ಮಿತಿಮೀರಿ ತಿರುಗದಂತೆ ಒಳಗೆ ತಡೆಯುವ ಸ್ಟಾಪ್ ಸ್ಕ್ರೂ ಮೇಲೆ ಭಾರ ಬಿದ್ದು ಅದು ಮುರಿಯಬಹುದು. ಜಗ್ಗದಿದ್ದರೆ ರಿಂಗನ್ನು ಸುತ್ತಲೂ ಹಿಡಿದು ತಿರುಗಿಸುವ ಫಿಲ್ಟರ್ ರೆಂಚ್ ತರಿಸಿಕೊಳ್ಳಿ. 49, 52 ಅಥವಾ 55 ಮಿ.ಮೀ. ಎಂಬ ಅಳತೆ ರಿಂಗಿನ ಮೇಲೇ ಇರುತ್ತದೆ.

ಸ್ಪ್ರೇ ಎಣ್ಣೆ ಬೇಡವೇ ಬೇಡ. ಅದು ಥ್ರೆಡ್ಡಿನಲ್ಲಿ ಇಳಿದು ಗಾಜಿಗೂ, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳಿಗೂ ಹರಡುತ್ತದೆ. ಬೇಕೇಬೇಕೆಂದರೆ ಲೆನ್ಸನ್ನು ಬೋರಲು ಹಿಡಿದು, ಸೂಜಿಯ ತುದಿಯಿಂದ ಸಂದಿಗೆ ಒಂದೇ ಹನಿ. ಹೇರ್ ಡ್ರೈಯರ್ ಶಾಖಕ್ಕೆ ಒಳಗಿನ ಗ್ರೀಸ್ ಕರಗಿ ಹರಿಯುತ್ತದೆ, ಹಳೆ ಲೆನ್ಸುಗಳಲ್ಲಿ ಗಾಜುಗಳನ್ನು ಅಂಟಿಸಿದ ಬಾಲ್ಸಮ್ ಕೂಡ ಮೆತ್ತಗಾಗುತ್ತದೆ.

ಏನೂ ಆಗದಿದ್ದರೆ ಫಿಲ್ಟರನ್ನು ಬಲಿಕೊಡಿ. ಅದರ ಗಾಜು ಹಿಡಿದಿರುವ ತಂತಿ ಅಥವಾ ಒಳ ರಿಂಗ್ ತೆಗೆದು ಗಾಜನ್ನು ಹೊರತನ್ನಿ. ಲೆನ್ಸಿನ ಗಾಜಿಗೆ ದುಂಡಗೆ ಕತ್ತರಿಸಿದ ರಟ್ಟು ಮುಚ್ಚಿ ಅಂಚಿಗೆ ಟೇಪ್ ಹಚ್ಚಿ. ಲೆನ್ಸಿನಿಂದ ಹೊರಚಾಚಿರುವ ಫಿಲ್ಟರ್ ಅಂಚಿನಲ್ಲಿ ಮಾತ್ರ, ಎದುರುಬದುರಾಗಿ, ಹ್ಯಾಕ್ಸಾ ಬ್ಲೇಡಿನಿಂದ ಎರಡು ಕಚ್ಚು ಹಾಕಿ. ಗರಗಸದ ಪುಡಿ ಕೆಳಗೆ ಉದುರಲೆಂದು ಲೆನ್ಸ್ ಬೋರಲಾಗಿಯೇ ಇರಲಿ. ಎರಡೂ ಕಚ್ಚಿಗೆ ಕೂರುವ ಹಾಗೆ ಸ್ಟೀಲ್ ಸ್ಕೇಲ್ ಇಟ್ಟು ತಿರುಗಿಸಿದರೆ ಸಾಮಾನ್ಯವಾಗಿ ಬಿಚ್ಚಿಕೊಳ್ಳುತ್ತದೆ.

ಬಿಚ್ಚಿದ ಮೇಲೆ ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಬಿಳಿ ಪುಡಿ ತೆಗೆಯಿರಿ. ಸಲೀಸಾಗಿ ತಿರುಗಲೆಂದು ಥ್ರೆಡ್ಡಿಗೆ ಪೆನ್ಸಿಲ್ ಉಜ್ಜುವ ರೂಢಿ ಕರಾವಳಿಗೆ ಸಲ್ಲದು, ಉಪ್ಪಿನ ತೇವದಲ್ಲಿ ಗ್ರಾಫೈಟ್ ತಾಗಿದ ಅಲ್ಯೂಮಿನಿಯಂ ಬೇಗ ತಿನ್ನಿಸಿಕೊಳ್ಳುತ್ತದೆ. ಮೇಣದಬತ್ತಿಯನ್ನು ಒಮ್ಮೆ ಸವರಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಫಿಲ್ಟರ್ ಬಿಚ್ಚಿ, ಒರೆಸಿ, ಬಿಗಿಯದೆ ಹಾಕಿಡಿ.

— ಓದುಗರು, ಕಾರವಾರ