ಎಂಜಿನ್ನಿನ ಬ್ಯಾಟರಿ ಎಂಜಿನ್ನಿಗೇ ಇರಲಿ

ಮಾನ್ಯ ಸಂಪಾದಕರೇ,

ಮಲ್ಪೆ ದಕ್ಕೆಯಲ್ಲಿ ದೋಣಿಗಳ ವೈರಿಂಗ್ ಮಾಡುವುದು ನನ್ನ ಕಸುಬು. ಮೀನುಗಾರರ ಸುರಕ್ಷತೆ ಎಂದೊಡನೆ ಲೈಫ್ ಜಾಕೆಟ್, ಹವಾಮಾನದ ಎಚ್ಚರಿಕೆ, ದೋಣಿ ಎಲ್ಲಿದೆ ಎಂದು ಉಪಗ್ರಹದ ಮೂಲಕ ತಿಳಿಸುವ ಟ್ರಾನ್ಸ್‌ಪಾಂಡರ್ ಇವುಗಳ ಮಾತು ಬರುತ್ತದೆ. ಬರಬೇಕಾದದ್ದೇ. ಆದರೆ ಸಣ್ಣ ದೋಣಿಗಳ ಬ್ಯಾಟರಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಹಿಂದೆ ಸಣ್ಣ ದೋಣಿಯ ಬ್ಯಾಟರಿಗೆ ಸೆಲ್ಫ್ ಹೊಡೆಯುವುದು, ಒಂದು ದೀಪ ಉರಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಈಗ ಅದೇ ಬ್ಯಾಟರಿಯ ಮೇಲೆ ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್, ಎಲ್‌ಇಡಿ ದೀಪಗಳು, ನೀರು ಹೊರಹಾಕುವ ಪಂಪ್, ಸಾಲದ್ದಕ್ಕೆ ಎಲ್ಲರ ಮೊಬೈಲ್ ಚಾರ್ಜರ್. ಬಲೆ ಬಿಟ್ಟು ಎಂಜಿನ್ ನಿಲ್ಲಿಸಿ ರಾತ್ರಿ ಕಾಯುವಾಗ ಇವೆಲ್ಲ ಅದನ್ನು ಹೀರುತ್ತಲೇ ಇರುತ್ತವೆ. ಬೆಳಗಿನ ಜಾವ ಕೀ ತಿರುಗಿಸಿದರೆ ಟಕ್ ಎಂಬ ಸದ್ದು ಮಾತ್ರ. ಹಿಂದೆ ಕಟ್ಟುವ ಚಿಕ್ಕ ಎಂಜಿನ್ ಆದರೆ ಹಗ್ಗ ಎಳೆಯಬಹುದು. ಒಳಗೆ ಕೂರಿಸಿದ ಡೀಸೆಲ್ ಎಂಜಿನ್ನನ್ನು ಹೊಯ್ದಾಡುವ ದೋಣಿಯಲ್ಲಿ ಕೈಯಿಂದ ತಿರುಗಿಸಿ ಎಬ್ಬಿಸುವುದು ಸುಲಭದ ಮಾತಲ್ಲ. ಆ ಹೊತ್ತಿಗೆ ವೈರ್‌ಲೆಸ್ಸೂ ಕೈಕೊಡುತ್ತದೆ. ಬ್ಯಾಟರಿ ಸೋತಿರುವಾಗ ಬೇರೆಯವರ ಮಾತು ಕೇಳಿಸುತ್ತದೆ. ಮಾತನಾಡಲು ಗುಂಡಿ ಒತ್ತಿದೊಡನೆ ಸೆಟ್ ಆರಿಹೋಗುತ್ತದೆ. ಕೇಳಿಸಿಕೊಳ್ಳಲು ಅರ್ಧ ಆಂಪಿಯರ್ ಸಾಕು, 25 ವ್ಯಾಟಿನಲ್ಲಿ ಮಾತು ಕಳಿಸಲು ಐದಾರು ಆಂಪಿಯರ್ ಬೇಕು. ಮೊಬೈಲ್ ಸಿಗ್ನಲ್ ಇರುವಲ್ಲಿ ಕೋಸ್ಟ್ ಗಾರ್ಡಿನ 1554ಕ್ಕೆ ಕರೆ ಮಾಡಬಹುದು. ಸಿಗ್ನಲ್ ದಾಟಿದ ಮೇಲೆ ಅದೇ ವೈರ್‌ಲೆಸ್ಸಿನಲ್ಲಿ ಅಪಾಯದ ಕರೆಗಿರುವ 16ನೇ ಚಾನೆಲ್ಲೇ ಗತಿ.

ಇದನ್ನು ಅರಿತ ಹಲವು ಮಾಲೀಕರು ಎರಡನೇ ಬ್ಯಾಟರಿ ತರುತ್ತಾರೆ. ಸಂತೋಷ. ಆದರೆ ತಂದು ಮಾಡುವುದೇನು? ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಿದ ಮೇಲೆ ಅವು ಎರಡು ಬ್ಯಾಟರಿಗಳಲ್ಲ, ಒಂದೇ. ದೀಪಗಳು ಎರಡನ್ನೂ ಒಟ್ಟಿಗೆ ಬರಿದು ಮಾಡುತ್ತವೆ. ಹಳೆಯದರ ಜೊತೆ ಹೊಸದನ್ನು ಕಟ್ಟಿದರಂತೂ ಹಳೆಯದರ ಒಂದು ಸೆಲ್ ಕೆಟ್ಟರೂ ಹೊಸದರ ಚಾರ್ಜ್ ಅದರೊಳಗೆ ಹರಿದುಹೋಗುತ್ತದೆ.

ಎಂಜಿನ್ನಿನ ಬ್ಯಾಟರಿಯನ್ನು ಎಂಜಿನ್ನಿಗೆ ಮಾತ್ರ ಬಿಡಬೇಕು. ಮಿಕ್ಕದ್ದೆಲ್ಲ ಎರಡನೆಯದರ ಮೇಲೆ. ಮೈನಸ್ ಎರಡಕ್ಕೂ ಒಂದೇ ಇರಲಿ, ಪ್ಲಸ್ ಬೇರೆ ಬೇರೆ. ನಡುವೆ ವೋಲ್ಟೇಜ್ ನೋಡಿ ಕೆಲಸ ಮಾಡುವ ಒಂದು ರಿಲೇ ಹಾಕಿದರೆ, ಎಂಜಿನ್ ಓಡಿ ವೋಲ್ಟೇಜ್ ಸುಮಾರು 13.3ಕ್ಕೆ ಏರಿದಾಗ ಎರಡನ್ನೂ ಸೇರಿಸಿ ಚಾರ್ಜ್ ಮಾಡಿಸುತ್ತದೆ; ಎಂಜಿನ್ ನಿಂತು 12.8ಕ್ಕೆ ಇಳಿದಾಗ ತಾನಾಗಿ ಬಿಡಿಸುತ್ತದೆ. ಕೈಯಿಂದ ತಿರುಗಿಸುವ ಸ್ವಿಚ್ಚೂ ಸಿಗುತ್ತದೆ. ಆದರೆ ನಿದ್ದೆಗೆಟ್ಟವನಿಗೆ ಅದು ನೆನಪಿರಬೇಕು, ಮತ್ತು ಎಂಜಿನ್ ಓಡುತ್ತಿರುವಾಗ ಅದನ್ನು ಆಫ್‌ಗೆ ತಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಸುಡಬಹುದು. ನಾನು ರಿಲೇ ಹಾಕಿ ಎಂದೇ ಹೇಳುತ್ತೇನೆ. ಎರಡನೇ ಬ್ಯಾಟರಿ ಕಾರಿನದ್ದಾಗಬಾರದು. ದಪ್ಪ ಪ್ಲೇಟಿನ ಟ್ಯೂಬುಲರ್ ಬೇಕು. ಅದನ್ನೂ ಅರ್ಧಕ್ಕಿಂತ ಕೆಳಗೆ, ಅಂದರೆ ಎಲ್ಲ ಆರಿಸಿ ನೋಡಿದಾಗ 12.2 ವೋಲ್ಟಿಗಿಂತ ಕೆಳಗೆ, ಇಳಿಸದಿದ್ದರೆ ಹೆಚ್ಚು ಕಾಲ ಬಾಳುತ್ತದೆ.

ಬ್ಯಾಟರಿಗೆ ಸಾವಿರಾರು ರೂಪಾಯಿ ಕೊಟ್ಟವರು ವೈರಿನಲ್ಲಿ ಉಳಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮನೆಯ ವೈರನ್ನು ಹೆಣೆದು ಟೇಪ್ ಸುತ್ತಿರುತ್ತಾರೆ. ಆ ಟೇಪ್ ಬಿಚ್ಚಿದರೆ ಅಂಟು ಕರಗಿ ಕೈಗೆ ಮೆತ್ತುತ್ತದೆ. ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದಿರುತ್ತದೆ, ಸುಲಿಯುತ್ತಾ ಹೋದರೆ ಗೇಣುದ್ದ ಒಳಗೂ ಕಪ್ಪು. ಉಪ್ಪುಗಾಳಿಗೆ ತವರ ಲೇಪಿಸಿದ ತಾಮ್ರದ ವೈರೇ ಆಗಬೇಕು, ತುದಿಗೆ ಒತ್ತಿ ಕೂರಿಸಿದ ಲೋಹದ ಲಗ್ ಬೇಕು. ದಪ್ಪವೂ ಬೇಕು: ಆರು ಮೀಟರ್ ದೂರಕ್ಕೆ ಒಂದು ಚದರ ಮಿಲಿಮೀಟರಿನ ವೈರ್ ಎಳೆದರೆ, ಐದು ಆಂಪಿಯರ್ ಹರಿಯುವಾಗ ಹೋಗಿ ಬರುವ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ ದೋಣಿಗಳಿವೆ. ಅಲ್ಲೇ ಪಕ್ಕದಲ್ಲಿ ಸೀಮೆಎಣ್ಣೆಯ ಕ್ಯಾನ್. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಅದನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಮುಚ್ಚಿಡುವವರಿಗೆ ಇದನ್ನು ಯಾರಾದರೂ ಕೂರಿಸಿ ಹೇಳಬೇಡವೇ?

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ದ ಅವಶೇಷ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅದು ದೊಡ್ಡ ದೋಣಿ, ಆ ದುರಂತಕ್ಕೂ ಬ್ಯಾಟರಿಗೂ ನಾನು ಸಂಬಂಧ ಕಟ್ಟುತ್ತಿಲ್ಲ. ಸಂಪರ್ಕ ಕಡಿದ ದೋಣಿಗಾಗಿ ಕಾಯುವುದೆಂದರೆ ಏನು ಎಂಬುದು ಇಲ್ಲಿನ ಮನೆಮನೆಗೂ ಗೊತ್ತು, ಅಷ್ಟೇ.

ಕೇಂದ್ರ ಸರ್ಕಾರ 2024ರ ಆಗಸ್ಟಿನಲ್ಲಿ ಒಂದು ಲಕ್ಷ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಚಾಲನೆ ಕೊಟ್ಟಿದೆ. ಅದನ್ನು ಕೂರಿಸಲು ದೋಣಿಗೆ ಇಳಿಯುವವರು ಕೈಯಲ್ಲಿ ವೋಲ್ಟೇಜ್ ಅಳೆಯುವ ಒಂದು ಮೀಟರ್ ಹಿಡಿದು ಬ್ಯಾಟರಿ, ವೈರ್, ಫ್ಯೂಸ್ ನೋಡಿ ಮಾಲೀಕರಿಗೆ ಒಂದು ಚೀಟಿ ಬರೆದುಕೊಡಲಿ. ಎರಡನೇ ಬ್ಯಾಟರಿ, ರಿಲೇ ಮತ್ತು ತವರ ಲೇಪಿತ ವೈರ್ ಸೇರಿದ ಒಂದು ಕಿಟ್ಟಿಗೆ ಮೀನುಗಾರಿಕೆ ಇಲಾಖೆ ಸಹಾಯಧನ ಕೊಡಲಿ. ಯಾಂತ್ರಿಕ ದೋಣಿಗಳು ದಡದಲ್ಲಿರುವ ಜೂನ್, ಜುಲೈ ತಿಂಗಳುಗಳಲ್ಲಿ ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಗಳಲ್ಲಿ ಐಟಿಐಗಳೂ 1969ರಿಂದ ಮಂಗಳೂರಿನಲ್ಲಿರುವ ಮೀನುಗಾರಿಕಾ ಕಾಲೇಜೂ ಸೇರಿ ವೈರಿಂಗ್ ಶಿಬಿರ ನಡೆಸಲಿ. ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಗಳವರಿಗೆ ಅದನ್ನು ಮೇ ತಿಂಗಳಲ್ಲೇ ಮುಗಿಸಬೇಕು. ಕಲಿಸಲು ಕರೆದರೆ ನನ್ನ ಉಪಕರಣಗಳ ಪೆಟ್ಟಿಗೆಯೊಂದಿಗೆ ನಾನೂ ಬರುತ್ತೇನೆ, ಸಂಬಳ ಬೇಡ.

— ದೋಣಿ ಎಲೆಕ್ಟ್ರಿಷಿಯನ್, ಮಲ್ಪೆ, ಉಡುಪಿ